ಹತ್ತನೆಯ ಜಾಗ ಸಾಯಬಣ್ಣನಿಗೇ ಇರಲಿ

ಬೊಂಬಾಯಿಯ ಮಲಾಡಿನಲ್ಲಿ, ಸ್ಟೇಷನ್ನಿನಿಂದ ಒಂದಿಷ್ಟು ದೂರ, ನಾಲ್ಕನೆಯ ಮಹಡಿಗೆ ಈಗಷ್ಟೇ ತಲೆಯೆತ್ತಿರುವ ಕಟ್ಟಡವೊಂದರ ಮೇಲೆ ಬೆಳಕು ಇನ್ನೂ ಸರಿಯಾಗಿ ಬಿದ್ದಿಲ್ಲ. ಕೆಳಗೆ ಕೂಲಿಯವರ ತಗಡಿನ ಶೆಡ್ಡುಗಳಲ್ಲಿ ಒಲೆ ಹೊಗೆಯಾಡುತ್ತಿದೆ. ಮೇಲೆ ಒಬ್ಬನೇ ಒಬ್ಬ ಓಡಾಡುತ್ತಿದ್ದಾನೆ. ಮೊಣಕಾಲಿನ ತನಕ ಮಡಚಿದ ಪೈಜಾಮ, ತಲೆಗೆ ಟವೆಲ್ಲು, ಎರಡು ಕೈಯಲ್ಲಿ ಎರಡು ಬಕೆಟ್ಟು. ಹೋದ ವಾರ ಹಾಕಿದ ಸ್ಲ್ಯಾಬಿನ ಮೇಲೆ ಗಾರೆಯಿಂದ ಬೆರಳೆತ್ತರದ ಬದು ಕಟ್ಟಿ ಚೌಕ ಚೌಕ ಮಾಡಿದ್ದಾರೆ, ಗದ್ದೆಯ ಮಡಿಗಳ ಹಾಗೆ. ಬಿಸಿಲೇರುವ ಮೊದಲೇ ಅಷ್ಟೂ ಚೌಕಗಳಿಗೆ ನೀರು ತುಂಬಿರಬೇಕು. ಇಲ್ಲದಿದ್ದರೆ ಕಾಂಕ್ರೀಟು ಬಿರುಕು ಬಿಡುತ್ತದೆ.

ನೀರು ತುಂಬಿದ ಮೇಲೆ ಕಂಬಗಳ ಸರದಿ. ಅವಕ್ಕೆ ಸುತ್ತಿದ್ದ ಗೋಣಿಚೀಲಗಳು ರಾತ್ರಿಯ ಗಾಳಿಗೆ ಒಣಗಿವೆ. ಅವನು ಒಂದೊಂದನ್ನೇ ಬಿಚ್ಚಿ, ಡ್ರಮ್ಮಿನಲ್ಲಿ ಅದ್ದಿ, ಸುರುಳಿ ಸುತ್ತಿಕೊಳ್ಳುತ್ತಾನೆ. ಆಮೇಲೆ ಕಂಬದಿಂದ ಹಿಂದೆ ಸರಿದು, ಮೊಣಕಾಲು ಸ್ವಲ್ಪ ಬಗ್ಗಿಸಿ, ಒಂದೇ ಕೈಯಿಂದ ಮೇಲಕ್ಕೆ ಎಸೆಯುತ್ತಾನೆ. ಗೋಣಿ ಎತ್ತರಕ್ಕೆ ಹೋಗಿ, ಕಂಬದ ನೆತ್ತಿಯಲ್ಲಿ ಎದ್ದು ನಿಂತ ಸರಳುಗಳ ನಡುವೆ ಕೂತು, ಬಿಚ್ಚಿಕೊಂಡು ಕೆಳಗೆ ಇಳಿಬೀಳುತ್ತದೆ. ಏಣಿ ಪಕ್ಕದಲ್ಲೇ ಒರಗಿಕೊಂಡಿದೆ. ಅದನ್ನು ಅವನು ಮುಟ್ಟುವುದೇ ಇಲ್ಲ.

"ಏಣಿ ಹಚ್ಚಿ ಹತ್ತಿ ಇಳಿಯೂದ್ರಾಗ ಹೊತ್ತು ಹೋಗ್ತದ್ರೀ ಸರ್," ಎನ್ನುತ್ತಾನೆ. "ಹಿಂಗ ಒಗದ್ರ ಕೆಲಸಾನೂ ಆಗ್ತದ, ಕೈಗೂ ರೂಢಿ ಆಗ್ತದ."

ಯಾವ ರೂಢಿ ಎಂಬುದನ್ನು ಬಿಡಿಸಿ ಹೇಳುತ್ತೇನೆ. ಇವನ ಹೆಸರು ಸಾಯಬಣ್ಣ. ವಯಸ್ಸು ಇಪ್ಪತ್ತೊಂದೋ ಇಪ್ಪತ್ತೆರಡೋ, ಅವನ ಅವ್ವನಿಗೂ ಗೊತ್ತಿಲ್ಲ. ಬೆಳಿಗ್ಗೆ ಹಸಿ ಕಾಂಕ್ರೀಟಿಗೆ ನೀರು ಕುಡಿಸುವ ಕೂಲಿ. ಸಂಜೆ ಆಂಟಾಪ್ ಹಿಲ್‌ನ ನಮ್ಮ ಗೆಳೆಯರ ಬಳಗದ ಬಾಸ್ಕೆಟ್‌ಬಾಲ್ ತಂಡದ ಹತ್ತನೆಯ ಆಟಗಾರ. ಹತ್ತನೆಯವನು ಎಂದರೆ ಬೆಂಚಿನ ತುದಿಯಲ್ಲಿ ಕೂರುವವನು. ಆ ತುದಿಯಿಂದಲೂ ಅವನನ್ನು ಎಬ್ಬಿಸಬೇಕೋ ಬೇಡವೋ ಎಂದು ತೀರ್ಮಾನಿಸಲು ಬಳಗದ ಕಮಿಟಿ ಇವತ್ತು, ಈ ಭಾನುವಾರ ಸಂಜೆ ಸೇರುತ್ತಿದೆ. ಮಳೆಗಾಲ ಮುಗಿದ ಮೇಲಿನ ಲೀಗ್‌ಗೆ ಹತ್ತು ಹೆಸರುಗಳನ್ನು ಈಗಲೇ ಕೊಡಬೇಕಂತೆ. ಬೆಳಗಿನ ಪತ್ರಿಕೆಯ ಈ ಪುರವಣಿಯನ್ನು ಕಮಿಟಿಯವರು ಇಡ್ಲಿಯ ಜೊತೆಗೆ ಓದುತ್ತಾರೆಂದು ನನಗೆ ಗೊತ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ, ಮುಚ್ಚುಮರೆ ಏನಿಲ್ಲ.

ಸಾಯಬಣ್ಣನದು ಗುಲಬರ್ಗಾ ಜಿಲ್ಲೆಯ ಯಾದಗಿರಿ ಕಡೆಯ ಊರು. ಅವ್ವ ಲಕ್ಷ್ಮವ್ವ ಇವನನ್ನು ಸೊಂಟದ ಮೇಲೆ ಕೂರಿಸಿಕೊಂಡು ಕೂಲಿಯವರ ಮೇಸ್ತ್ರಿ, ಮುಕಾದಮ ಅಣವೀರಪ್ಪನವರ ಗ್ಯಾಂಗಿನ ಜೊತೆ ಬೊಂಬಾಯಿಗೆ ಬಂದವಳು. ಗ್ಯಾಂಗು ಕಟ್ಟಿದ ಕಟ್ಟಡಗಳು ಸಯಾನ್, ಚೆಂಬೂರು, ವಿಕ್ರೋಳಿ ಎಂದು ಊರ ತುಂಬ ಇವೆ. ಅದರಲ್ಲಿ ಒಂದರೊಳಗೂ ಇವರು ಮಲಗಿಲ್ಲ. ಕಟ್ಟಡ ಮುಗಿಯುತ್ತಿದ್ದಂತೆ ಶೆಡ್ಡು ಕಿತ್ತು ಮುಂದಿನ ಕೆಲಸಕ್ಕೆ ಹೋಗುವುದೇ ಇವರ ಬದುಕು. ಸಾಯಬಣ್ಣ ನಾಲ್ಕು ಮುನಿಸಿಪಲ್ ಶಾಲೆಗಳಲ್ಲಿ ಕೂತು ಎದ್ದಿದ್ದಾನೆ. ಮರಾಠಿ ಓದುತ್ತಾನೆ, ಕನ್ನಡ ಮಾತಾಡುತ್ತಾನೆ, ಹಿಂದಿಯಲ್ಲಿ ಜಗಳ ಮಾಡುತ್ತಾನೆ.

ಮೂರು ವರ್ಷದ ಹಿಂದೆ ಈ ಗ್ಯಾಂಗು ಆಂಟಾಪ್ ಹಿಲ್‌ನಲ್ಲಿತ್ತು. ನಮ್ಮ ಕಾಲೊನಿಯ ಹುಡುಗರು ಮಣ್ಣಿನಲ್ಲಿ ಆಡಿ ಆಡಿ ಸಾಕಾಗಿ, ಚಂದಾ ಎತ್ತಿ, ಸಿಮೆಂಟಿನ ಕೋರ್ಟ್ ಹಾಕಿಸಿದಾಗ ಮಾಲು, ಅಂದರೆ ಕಲಸಿದ ಕಾಂಕ್ರೀಟು, ಹೊತ್ತವರು ಲಕ್ಷ್ಮವ್ವ ಮತ್ತು ಅವಳ ಸಂಗಡಿಗರು. ಕೋರ್ಟ್ ಗಟ್ಟಿಯಾಗುವ ತನಕ ನೀರು ಹೊಡೆದು ಕಾಯುವ ಕೆಲಸ ಸಾಯಬಣ್ಣನಿಗೆ ಬಿತ್ತು. ಎದುರಿಗೆ ಹೊಳೆಯುವ ಹೊಸ ಕೋರ್ಟ್, ಕೈಯಲ್ಲಿ ಚೆಂಡು, ನಡುವೆ ಕೋಲು ಹಿಡಿದು ನಿಂತ ಒಬ್ಬ ಅಪರಿಚಿತ. ಕಾಲೊನಿಯ ಹುಡುಗರಿಗೆ ಅವನ ಮೇಲೆ ಎಷ್ಟು ಸಿಟ್ಟಿತ್ತೆಂದರೆ ದಿನಾ ಒಬ್ಬರಲ್ಲ ಒಬ್ಬರು ಹೋಗಿ ಕಾಲು ಕೆರೆಯುತ್ತಿದ್ದರು. ತಂಡದ ಕ್ಯಾಪ್ಟನ್ ಸದಾನಂದ ಆಗಲೇ ಮೂವತ್ತು ದಾಟಿದವರು, ವಿಕ್ರೋಳಿಯ ಕಾರ್ಖಾನೆಯೊಂದರಲ್ಲಿ ಟೈಮ್‌ಕೀಪರ್. ಅವರಿಗೂ ತಡೆಯಲಾಗಲಿಲ್ಲ. ಇನ್ನೂ ಮಾಲು ಹಸಿಯಾಗಿದ್ದಾಗಲೇ, ಮೊದಲ ದಿನದ ಸಂಜೆ, ಸಾಯಬಣ್ಣ ನೀರು ತರಲು ಹೋದ ಹೊತ್ತು ನೋಡಿ ಅಡ್ಡ ಹಾಕಿದ್ದ ಹಲಗೆಯ ಮೇಲೆ ನಡೆದು ಫ್ರೀ ಥ್ರೋ ಗೆರೆ ಬರಬೇಕಾದ ಜಾಗದಲ್ಲಿ ಒಂದು ಕಾಲು ಇಳಿಸಿಯೇಬಿಟ್ಟರು.

ಆ ಹೆಜ್ಜೆ ಇವತ್ತಿಗೂ ಅಲ್ಲಿದೆ. ಬಲಗಾಲಿನ ಬೂಟಿನ ಗುರುತು, ಹಿಮ್ಮಡಿಯ ಕಡೆ ಆಳ. ಚೆಂಡು ಅದರ ಮೇಲೆ ಬಿದ್ದರೆ ಎತ್ತಲೋ ಹಾರುತ್ತದೆ. ಬೇರೆ ತಂಡದವರು ಶಪಿಸುತ್ತಾರೆ, ನಮ್ಮವರು ಅದನ್ನು ಬಳಸಿ ಆಡಲು ಕಲಿತಿದ್ದಾರೆ. ಅವತ್ತು ಸಾಯಬಣ್ಣ ಬೈದ ಬೈಗುಳ ಸದಾನಂದರಿಗೆ ಇನ್ನೂ ಬಾಯಿಪಾಠ ಇದೆ. ಅದನ್ನು ಅವರು ನಗುತ್ತಾ ಹೇಳುತ್ತಾರೆ. ಇಲ್ಲಿ ಅಚ್ಚು ಮಾಡುವಂತಿಲ್ಲ.

ಕಾವಲು ಮುಗಿಯಿತು, ಆಟ ಶುರುವಾಯಿತು, ಆದರೆ ಸಾಯಬಣ್ಣ ಹೋಗಲಿಲ್ಲ. ತಾನು ನೀರು ಹೊಡೆದ ಕೋರ್ಟ್ ಹೇಗಿದೆ ಎಂದು ನೋಡಲು ದಿನಾ ಸಂಜೆ ಬಂದು ಅಂಚಿನಲ್ಲಿ ಕೂರುತ್ತಿದ್ದ. ಒಂದು ದಿನ ಆಚೆಗೆ ಹಾರಿದ ಚೆಂಡು ಅವನ ಕೈಗೆ ಬಂತು. ಬಂದದ್ದೇ ತಡ, ಅದು ಸದಾನಂದರ ಎದೆಯ ಮಟ್ಟಕ್ಕೆ ವಾಪಸು ಹೋಯಿತು. ಹಿಡಿದದ್ದು ಯಾವಾಗ, ಬಿಟ್ಟದ್ದು ಯಾವಾಗ ಎಂದು ಯಾರಿಗೂ ಕಾಣಲಿಲ್ಲ.

ಕಲಿಸಿದವರು ಯಾರು ಎಂದರೆ ಅವ್ವನ ಕಡೆ ಕೈ ತೋರಿಸುತ್ತಾನೆ. ಸ್ಲ್ಯಾಬ್ ಹಾಕುವ ದಿನ ನೀವೂ ನೋಡಿರುತ್ತೀರಿ. ಕೆಳಗಿನ ಮಿಕ್ಸರಿನಿಂದ ಮೇಲಿನ ಮಹಡಿಯ ತನಕ ಬಿದಿರಿನ ಅಟ್ಟಣಿಗೆಯ ಮೇಲೆ ಹೆಣ್ಣು ಗಂಡು ಸಾಲಾಗಿ ನಿಲ್ಲುತ್ತಾರೆ. ಮಾಲು ತುಂಬಿದ ಘಮೇಲಾ, ಅಂದರೆ ಆ ಕಬ್ಬಿಣದ ಬುಟ್ಟಿ, ಕೈಯಿಂದ ಕೈಗೆ ಏರುತ್ತದೆ, ಖಾಲಿಯಾದದ್ದು ಕೈಯಿಂದ ಕೈಗೆ ಇಳಿಯುತ್ತದೆ. ಬೆಳಿಗ್ಗೆ ಹಿಡಿದರೆ ಸ್ಲ್ಯಾಬ್ ಮುಗಿಯುವ ತನಕ ಸಾಲು ನಿಲ್ಲುವಂತಿಲ್ಲ. ಆ ಸಾಲಿನಲ್ಲಿ ಲಕ್ಷ್ಮವ್ವನ ಮೇಲಿನ ಮೆಟ್ಟಿಲು ಸಾಯಬಣ್ಣನದು.

"ಬುಟ್ಟಿ ಕೈಯಾಗ ಇಟ್ಕೋಬಾರದು, ಮಾರಿ ನೋಡ್ಕೋತ ನಿಂದ್ರಬಾರದು," ಎಂದು ಲಕ್ಷ್ಮವ್ವ ಹೇಳುತ್ತಾಳೆ. "ಮುಂದ ಕೈ ಕಂಡ್ತು, ಕೊಟ್ಟುಬಿಡಬೇಕು. ನೋಡ್ಕೋತ ನಿಂತ್ರ ಹಿಂದಿನಾಕಿ ಕಾಲ ಮ್ಯಾಲ ಬುಟ್ಟಿ ಬೀಳ್ತದ."

ಮುಂದೆ ಕೈ ಕಂಡರೆ ಕೊಟ್ಟುಬಿಡಬೇಕು. ಈ ಪಾಠವೇ ಸಾಯಬಣ್ಣನನ್ನು ತಂಡಕ್ಕೆ ತಂದಿತು, ಇದೇ ಪಾಠ ಮೊದಲ ಪಂದ್ಯದಲ್ಲಿ ಅವನ ಮಾನ ಕಳೆಯಿತು. ನಾಗಪಾಡಾ ಕಡೆಯ ತಂಡವೊಂದರ ಎದುರು ಅವನನ್ನು ಆಡಿಸಿದ್ದರು. ಎದುರಾಳಿ ಹುಡುಗನೊಬ್ಬ ಅಡ್ಡ ಬಂದು, ಚೆಂಡು ತಡೆಯಲೆಂದು ಎರಡೂ ಕೈ ಮುಂದೆ ಚಾಚಿದ. ಸಾಯಬಣ್ಣ ಆ ಕೈಗೆ ಚೆಂಡು ಕೊಟ್ಟುಬಿಟ್ಟ. ಕಸಿದುಕೊಂಡದ್ದಲ್ಲ, ಇವನೇ ಕೊಟ್ಟದ್ದು, ಅದೂ ಎದೆಯ ಮಟ್ಟಕ್ಕೆ, ನಾಜೂಕಾಗಿ. ಆ ಹುಡುಗನೇ ಒಂದು ಗಳಿಗೆ ಏನು ಮಾಡುವುದೆಂದು ತಿಳಿಯದೆ ನಿಂತ. ಆಮೇಲೆ ಗುಟ್ಟು ಗೊತ್ತಾಯಿತು. ಅವರ ತಂಡದವರೆಲ್ಲ ಇವನ ಮುಂದೆ ಬಂದು ಕೈ ಚಾಚಿ "ದೇ, ದೇ" ಅನ್ನತೊಡಗಿದರು, ಕೊಡು ಕೊಡು ಎಂದು. ಇವನು ಇನ್ನೂ ಎರಡು ಸಲ ಕೊಟ್ಟ. ಕೋರ್ಟಿನ ಬದಿಯ ಮೆಟ್ಟಿಲ ಮೇಲೆ ಕೂತಿದ್ದ ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಬಹಳ ದಿನ ಕಾಲೊನಿಯಲ್ಲಿ ಅವನ ಹೆಸರು "ದೇದೇ" ಎಂದೇ ಆಗಿತ್ತು.

ಬೇರೆ ಯಾರಾದರೂ ಆಗಿದ್ದರೆ ಅವತ್ತೇ ಬೂಟು ಬಿಚ್ಚಿಟ್ಟು ಹೋಗುತ್ತಿದ್ದರು. ಇವನ ಬೂಟು ಇವನದೂ ಆಗಿರಲಿಲ್ಲ. ಸದಾನಂದರ ಹಳೆಯ ಕ್ಯಾನ್ವಾಸ್ ಬೂಟು, ತುದಿಗೆ ಗೋಣಿಯ ಚೂರು ತುರುಕಿ ಅಳತೆಗೆ ತಂದುಕೊಂಡದ್ದು. ಮರುದಿನ ಸಂಜೆ ಅದನ್ನೇ ಹಾಕಿಕೊಂಡು ಬಂದು ನಿಂತ.

ಅಲ್ಲಿಂದ ಇಲ್ಲಿಯವರೆಗೆ ನಡೆದದ್ದನ್ನು ಪವಾಡ ಎಂದು ಬರೆದರೆ ಸುಳ್ಳಾಗುತ್ತದೆ. ಏನೂ ಒಮ್ಮೆಗೇ ಆಗಲಿಲ್ಲ. ಮುಂದಿನ ಮಳೆಗಾಲ ಮುಗಿಯುವ ಹೊತ್ತಿಗೆ ಅವನು ಕೈ ನೋಡುವುದನ್ನು ಬಿಟ್ಟು ಬನಿಯನ್ನಿನ ಬಣ್ಣ ನೋಡಲು ಕಲಿತ. ಅದಕ್ಕೇ ಅಷ್ಟು ಕಾಲ ಹಿಡಿಯಿತು. ಚೆಂಡು ಪುಟಿಸಿಕೊಂಡು ಓಡುವಾಗ ನೆಲ ನೋಡುತ್ತಿದ್ದ, ಈಗ ತಲೆ ಎತ್ತಿದ್ದಾನೆ. ಬಾಸ್ಕೆಟ್‌ಗೆ ಎಸೆಯುವುದಂತೂ ಹೋದ ವರ್ಷದ ತನಕ ಹೇಳಿಕೊಳ್ಳುವಂತಿರಲಿಲ್ಲ. ಹಲಗೆಯನ್ನೂ ಮುಟ್ಟದೆ ಚೆಂಡು ಆಚೆಯ ಗಟಾರಕ್ಕೆ ಬೀಳುತ್ತಿತ್ತು. ಮಲಾಡಿಗೆ ಹೋದ ಮೇಲೆ ಗೋಣಿ ಎಸೆಯುವ ಈ ಉಪಾಯ ಅವನಿಗೇ ಹೊಳೆಯಿತು. ಕಂಬವೂ ಹೆಚ್ಚುಕಡಿಮೆ ಬಾಸ್ಕೆಟ್ಟಿನಷ್ಟೇ ಎತ್ತರ. ಈಗ ಫ್ರೀ ಥ್ರೋ ಗೆರೆಯಲ್ಲಿ ನಿಂತರೆ ಎರಡಕ್ಕೆ ಒಂದು ಖಂಡಿತ ಬೀಳುತ್ತದೆ. ಮುಂದಿನ ವರ್ಷ ಇನ್ನೂ ಹೆಚ್ಚು ಬೀಳುತ್ತದೆ ಎಂದು ನಾನು ಬರೆದುಕೊಡುತ್ತೇನೆ.

ಇದಕ್ಕೆ ಅವನು ಏನು ತೆರುತ್ತಾನೆ ಎಂಬುದನ್ನೂ ಕಮಿಟಿ ತಿಳಿದಿರಲಿ. ನಸುಕಿಗೆ ಎದ್ದು ಬಾವಿಯಿಂದ ನಾಲ್ಕು ಮಹಡಿ ನೀರು ಹೊರುವುದು, ಹಗಲೆಲ್ಲ ಗ್ಯಾಂಗಿನ ಜೊತೆ ದುಡಿಯುವುದು, ಸಂಜೆ ಮತ್ತೊಮ್ಮೆ ನೀರು ಹೊಡೆದು ಮಲಾಡಿನಲ್ಲಿ ಲೋಕಲ್ ಹತ್ತಿ ದಾದರಿನಲ್ಲಿ ಇಳಿದು, ಬಸ್ಸು ಸಿಕ್ಕಿದರೆ ಬಸ್ಸು, ಇಲ್ಲದಿದ್ದರೆ ನಡಿಗೆ. ಕಾಲೊನಿಯ ಒಳಗೇ ಮನೆ ಇರುವ ನಮ್ಮ ಇತರ ಆಟಗಾರರಲ್ಲಿ ಇಬ್ಬರು, ಹೋದ ವರ್ಷ ಬೊಂಬಾಯಿಗೆ ಟೆಲಿವಿಷನ್ ಬಂದ ಮೇಲೆ, ಪ್ರಾಕ್ಟೀಸಿನ ನಡುವೆಯೇ ಎದ್ದು ಯಾರದೋ ಮನೆಯ ಕಿಟಕಿಗೆ ಮುಖ ಆನಿಸಲು ಹೋಗುತ್ತಾರೆ. ಇನ್ನೊಬ್ಬರು ಮದುವೆಯಾದಂದಿನಿಂದ ಅಂಪೈರು ಸೀಟಿ ಊದುವ ಹೊತ್ತಿಗೆ ಸರಿಯಾಗಿ ಬರುತ್ತಾರೆ. ಹೆಸರು ಬೇಡ, ಅವರ ಹೊಟ್ಟೆಯೇ ಅವರನ್ನು ತೋರಿಸಿಕೊಡುತ್ತದೆ.

ಈ ಸೀಸನ್ನಿನ ಕೊನೆಯ ಪಂದ್ಯದ ಮಾತು ಹೇಳಲೇಬೇಕು. ಸೋತರೆ ತಂಡ ಕೆಳಗಿನ ಡಿವಿಷನ್ನಿಗೆ ಬೀಳುತ್ತಿತ್ತು. ಎದುರಿಗೆ ಅದೇ ನಾಗಪಾಡಾ ಕಡೆಯ ತಂಡ. ನಮ್ಮಲ್ಲಿ ಅವತ್ತು ಬಂದದ್ದೇ ಎಂಟು ಜನ; ಅದರಲ್ಲಿ ಇಬ್ಬರು ಐದೈದು ಫೌಲ್ ಮಾಡಿ ಹೊರಗೆ ಬಂದಿದ್ದರು, ಒಬ್ಬರ ಪಾದ ತಿರುಚಿತ್ತು. ಬೇರೆ ದಾರಿ ಇಲ್ಲದೆ ಸಾಯಬಣ್ಣನನ್ನು ಇಳಿಸಿದರು. ನಾವು ಒಂದು ಪಾಯಿಂಟ್ ಹಿಂದೆ. ಮುಗಿಯಲು ಇನ್ನು ಅರೆ ನಿಮಿಷವೂ ಇಲ್ಲ ಎನ್ನುವಾಗ ಚೆಂಡು ಇವನ ಕೈಗೆ ಬಂತು. ಹಳೆಯ ಹುಡುಗ ಮರೆತಿರಲಿಲ್ಲ. ಮುಂದೆ ಬಂದು, ನಗುತ್ತಾ, ಎರಡೂ ಕೈ ಚಾಚಿ "ದೇ ದೇ" ಎಂದ.

ಸಾಯಬಣ್ಣ ಕೊಡಲು ಹೋದ. ಮೆಟ್ಟಿಲ ಮೇಲೆ ನನ್ನ ಪಕ್ಕದವರು ಕಣ್ಣು ಮುಚ್ಚಿಕೊಂಡರು. ಚೆಂಡು ಆ ಕೈಗಳ ಹತ್ತಿರ ಹೋಯಿತು, ಅಲ್ಲೇ ನಿಂತಿತು. ಆ ಹುಡುಗ ಹಿಡಿಯಲು ಮುಂದೆ ಬಾಗಿದ. ಇವನು ಹಿಡಿದುಕೊಂಡೇ ಇದ್ದ. ಆ ಹಿಡಿದದ್ದು ಎಷ್ಟು ಹೊತ್ತು ಎಂದು ನಾನು ಹೇಳಲಾರೆ, ಉಸಿರು ಬಿಡುವಷ್ಟೂ ಇರಲಿಕ್ಕಿಲ್ಲ. ಆದರೆ ಹುಟ್ಟಿನಿಂದ ಕೈಯಲ್ಲಿ ಏನನ್ನೂ ಇಟ್ಟುಕೊಳ್ಳಬಾರದೆಂದು ಕಲಿತವನು ಅವತ್ತು ಇಟ್ಟುಕೊಂಡ. ಆಮೇಲೆ ಮಗ್ಗುಲಿಗೆ ತಿರುಗಿ, ಬಾಸ್ಕೆಟ್ಟಿನ ಕೆಳಗೆ ಒಬ್ಬರೇ ನಿಂತಿದ್ದ ಸದಾನಂದರಿಗೆ ಕೊಟ್ಟ. ಸದಾನಂದರು ಹಾಕಿದರು. ತಂಡ ಉಳಿಯಿತು.

ಸ್ಕೋರಿನಲ್ಲಿ ಎರಡು ಪಾಯಿಂಟ್ ಸದಾನಂದರ ಹೆಸರಿಗೆ ಬಿತ್ತು. ಸಾಯಬಣ್ಣನ ಹೆಸರಿನ ಮುಂದೆ ಏನೂ ಇಲ್ಲ. ತೊಂದರೆ ಶುರುವಾಗುವುದು ಇಲ್ಲಿಂದಲೇ.

ತಂಡದ ಮ್ಯಾನೇಜರ್ ಚೆನ್ನಯ ಕಾಲೊನಿಯ ಎದುರಿನ ಹೋಟೆಲಿನ ಮಾಲಕರು, ಉಡುಪಿ ಕಡೆಯವರು. ತಂಡಕ್ಕೆ ಚೆಂಡು, ಬನಿಯನ್ನು, ಪಂದ್ಯದ ಮೇಲೆ ಇಡ್ಲಿ ವಡೆ ಎಲ್ಲ ಅವರದೇ. ಅವರನ್ನು ಕೆಟ್ಟವರೆಂದು ಬರೆಯಲು ನನಗೆ ಮನಸ್ಸಿಲ್ಲ, ಕಾರಣವೂ ಇಲ್ಲ. ಮೈಸೂರಿನಿಂದ ಬ್ಯಾಂಕಿಗೆ ವರ್ಗವಾಗಿ ಬಂದ ಹುಡುಗನೊಬ್ಬ ಅವರ ಹೋಟೆಲಿಗೆ ಊಟಕ್ಕೆ ಬರುತ್ತಾನೆ. ಆರಡಿ ಮೂರಂಗುಲ. ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬರುವವನನ್ನು ನೋಡಿದಾಗಿನಿಂದ ಚೆನ್ನಯರಿಗೆ ನಿದ್ದೆ ಇಲ್ಲ.

"ಆ ಸಾಯಬಣ್ಣ ಒಳ್ಳೆಯ ಹುಡುಗ, ನಾನು ಇಲ್ಲ ಅನ್ನುವುದಿಲ್ಲ ಮಾರಾಯ್ರೆ," ಎಂದರು, ಗಲ್ಲಾದ ಹಿಂದೆ ಕೂತು. "ಆದರೆ ನೀವೇ ಹೇಳಿ, ಆಟ ಕಲಿಸಬಹುದು, ಎತ್ತರ ಕಲಿಸ್ಲಿಕ್ಕೆ ಆಗ್ತದಾ? ಹತ್ತೇ ಜಾಗ ಇರುವುದು. ಒಬ್ಬ ಬಂದರೆ ಒಬ್ಬ ಹೋಗಬೇಕು. ಪಾಯಿಂಟ್ ನೋಡಿದರೆ ಎಲ್ಲರಿಗಿಂತ ಕೆಳಗೆ ಇವನೇ ಇರುವುದಲ್ವಾ? ನಾನು ಎಂತ ಮಾಡುವುದು?"

ಮಾತು ನ್ಯಾಯವಾಗಿಯೇ ಇದೆ. ಎತ್ತರದ ಹುಡುಗ ಬರಲಿ, ನನ್ನದೂ ಒಂದು ಓಟು. ಆದರೆ ಚೆನ್ನಯರೇ, ಎಲ್ಲರಿಗಿಂತ ಕೆಳಗಿರುವವನು ಯಾರು ಎಂದು ಕೇಳಿದಿರಿ, ಯಾರು ಯಾವ ಕಡೆಗೆ ಹೋಗುತ್ತಿದ್ದಾರೆ ಎಂದು ಕೇಳಲಿಲ್ಲ. ನಿಮ್ಮ ಹೋಟೆಲಿನಲ್ಲಿ ಕಪ್ಪು ತೊಳೆಯಲು ಸೇರಿದವನನ್ನು ದೋಸೆ ಕಾವಲಿಗೆ ತರಲು ನೀವೇ ಎಷ್ಟು ವರ್ಷ ಕಾಯುತ್ತೀರಿ? ಅವನು ದೋಸೆ ಎರೆಯಲು ಕಲಿತ ದಿನವೇ ಮನೆಗೆ ಕಳಿಸುತ್ತೀರಾ? ಸಾಯಬಣ್ಣನನ್ನು ಬೆಳೆಸುವ ಕಷ್ಟವೆಲ್ಲ ಈ ತಂಡ ಪಟ್ಟಾಗಿದೆ. ನಗು ತಿಂದಾಗಿದೆ, ಸೋತಾಗಿದೆ. ಇನ್ನು ಫಲ ಬರುವ ಹೊತ್ತಿಗೆ ಬೇರೆ ಯಾರದೋ ತಂಡಕ್ಕೆ ಬಿಟ್ಟುಕೊಡುವುದು ಜಾಣತನವಲ್ಲ. ಮನಸ್ಸಿನ ಮಾತನ್ನೂ ಹೇಳಿಬಿಡುತ್ತೇನೆ, ನನಗೆ ಇದು ಅನ್ಯಾಯ ಅನ್ನಿಸುತ್ತದೆ.

ಕ್ಯಾಪ್ಟನ್ ಸದಾನಂದರ ಮಾತು ಇನ್ನೂ ನೇರ. ಅವರು ನನ್ನನ್ನು ಕೋರ್ಟಿಗೆ ಕರೆದುಕೊಂಡು ಹೋಗಿ ತಮ್ಮ ಹೆಜ್ಜೆಯ ಪಕ್ಕದಲ್ಲಿ ನಿಂತರು.

"ಇದು ನೋಡಿ, ನನ್ನ ಅವಸರ," ಎಂದರು. "ಕಾಯಿರಿ ಅಂತ ಅವನು ಹೇಳಿದ್ದ. ನಾನು ಕೇಳಲಿಲ್ಲ. ಈಗ ಅವನ ವಿಷಯದಲ್ಲೂ ಹಾಗೇ ಮಾಡುವುದಾ? ಒಬ್ಬ ಹೋಗಲೇಬೇಕಾದರೆ ನನ್ನ ಮಂಡಿ ಉಂಟಲ್ಲ, ವರ್ಷ ವರ್ಷ ಕೆಳಗೆ ಹೋಗ್ತಾ ಉಂಟು. ನಾನು ಬದಿಯಲ್ಲಿ ನಿಂತು ಸೀಟಿ ಊದುತ್ತೇನೆ. ಕಮಿಟಿಯಲ್ಲಿ ಇದನ್ನೇ ಹೇಳುವವನು ನಾನು."

ಸಾಯಬಣ್ಣನ ಮಟ್ಟಿಗೆ ಇದು ಬೆಂಚಿನ ತುದಿಯ ಮಾತು ಮಾತ್ರವಲ್ಲ. ಮೇಲಿನ ಕೊನೆಯ ಸ್ಲ್ಯಾಬ್ ಒಂದು ಬಿದ್ದರೆ ಮಲಾಡಿನ ಕೆಲಸ ಮುಗಿಯುತ್ತದೆ. ಮಳೆ ಕಳೆದ ಮೇಲೆ ಗ್ಯಾಂಗು ನಾಶಿಕದ ಆಚೆ ಅಣೆಕಟ್ಟಿನ ಕೆಲಸಕ್ಕೆ ಹೊರಡುತ್ತದೆ. ಮುಕಾದಮ ಅಣವೀರಪ್ಪನವರು ಸ್ಪಷ್ಟವಾಗಿ ಹೇಳಿದ್ದಾರೆ: "ಚಂಡಿನ ಆಟಕ್ಕ ಇಟ್ಕೊಂಡ್ರ ಇಲ್ಲೇ ಇರ್ಲಿ. ವಿಕ್ರೋಳ್ಯಾಗ ನನ್ನ ದೋಸ್ತನ ಕಡಿ ನೀರ ಹೊಡಿಯೂ ಕೆಲಸ ಕೊಡಸ್ತೀನಿ. ತೆಗದ್ರ ಮತ್ತ ಇಲ್ಯಾಕ ಇರ್ಬೇಕು? ನಮ್ಮ ಜೋಡಿ ಬರ್ಬೇಕು." ಅಣೆಕಟ್ಟಿನ ಬದಿಯಲ್ಲಿ ಬಾಸ್ಕೆಟ್‌ಬಾಲ್ ಇರುವುದಿಲ್ಲ. ತಂಡದಿಂದ ತೆಗೆದರೆ ಅವನ ಆಟ ಅಲ್ಲಿಗೆ ಮುಗಿಯಿತು ಎಂದೇ ಅರ್ಥ.

ಮಗ ಇಲ್ಲೇ ಉಳಿದರೆ ಒಬ್ಬಳೇ ಹೋಗಬೇಕಾದೀತು ಎಂದು ಲಕ್ಷ್ಮವ್ವನಿಗೂ ಗೊತ್ತು. "ಮದಲ ಬೈತಿದ್ದೆರೀ, ಚಂಡು ಹೊಟ್ಟಿಗೆ ಹಾಕ್ತದೇನು ಅಂತ," ಎನ್ನುತ್ತಾಳೆ, ಒಲೆಯಿಂದ ರೊಟ್ಟಿ ತೆಗೆಯುತ್ತಾ. "ಈಗ ಬೈಯೂದಿಲ್ಲ. ಇಲ್ಲಿ ಎಲ್ಲಾರೂ ಅವನಿಗೆ 'ಏ ಪಾನಿವಾಲಾ' ಅಂತಾರ. ಅಲ್ಲಿ ಹೆಸರು ಹಿಡದು ಕರೀತಾರಂತ. ಅಂವ ಬಂದ ಮ್ಯಾಲ ಮಲಗೂ ತನಾ ಅದನ್ನ ಹೇಳ್ತಾನ. ಇರ್ಲಿ ಬಿಡ್ರಿ ಇಲ್ಲೇ."

ಬಿಸಿಲು ಸ್ಲ್ಯಾಬಿನ ಮೇಲೆ ಬಂದಿದೆ. ಚೌಕಗಳಲ್ಲಿ ನೀರು ತುಂಬಿ ನಿಂತಿದೆ. ಕೊನೆಯ ಕಂಬಕ್ಕೆ ಎಸೆದ ಗೋಣಿ ಜಾರಿ ಕೆಳಗೆ ಬೀಳುತ್ತದೆ. ಸಾಯಬಣ್ಣ ಎತ್ತಿಕೊಂಡು ಮತ್ತೆ ಸುರುಳಿ ಸುತ್ತುತ್ತಾನೆ. ಕಮಿಟಿಗೆ ಏನಾದರೂ ಹೇಳುವುದಿದೆಯೇ ಎಂದು ಕೇಳುತ್ತೇನೆ.

"ಆ ಎತ್ತರದಾಂವ ಬರ್ಲಿರೀ. ನಮಗ ಅಂಥಾಂವ ಬೇಕೇ ಬೇಕು," ಎನ್ನುತ್ತಾನೆ. ಗೋಣಿ ಎಸೆಯುತ್ತಾನೆ. ಈ ಸಲ ಅದು ಕೂರುತ್ತದೆ. "ನನ್ನ ತೆಗೀಬ್ಯಾಡ್ರಿ, ಅಷ್ಟ."

ಖಾಲಿ ಬಕೆಟ್ಟು ಮಗುಚಿ ಅದರ ಮೇಲೆ ಕೂತು, ಮತ್ತೊಂದು ಮಾತು ತೆಗೆಯುತ್ತಾನೆ. "ಇನ್ನೊಂದ ಅದ್ರೀ ಸರ್. ಸದಾನಂದಣ್ಣನ ಆ ಹೆಜ್ಜಿ. ಮಳಿ ಬರೂಕಿಂತ ಮೊದಲ ಅದನ್ನ ಕಡದು ಹೊಸಾ ಮಾಲು ತುಂಬಬೇಕು. ಯಾರೂ ಬ್ಯಾಡ, ನಾನ ತುಂಬತೀನಿ."

ತಂಡದಿಂದ ತೆಗೆದರೆ?

"ತೆಗದರೂ ತುಂಬೇ ಹೋಗ್ತೀನ್ರೀ. ಅದು ನಾ ನೀರ ಹೊಡದ ಕೋರ್ಟ್ ಅದ." ಬಕೆಟ್ಟು ಎತ್ತಿಕೊಂಡು ಏಳುತ್ತಾನೆ. "ಖರೆ, ತುಂಬಿದ ಮ್ಯಾಲ ಗಟ್ಟಿ ಆಗೂ ತನಾ ಯಾರೂ ಕಾಲಿಡಬಾರದು. ಈ ಸಲಾನರ ಸ್ವಲ್ಪ ಕಾಯ್ರಿ ಅಂತ ಹೇಳ್ರಿ ಅವರಿಗೆ."